ಬಾವುಟಗುಡ್ಡದ ಪಾಠ

ಚುನಾವಣೆ ಸಮೀಪಿಸಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪೇಟೆಬೀದಿಗಳಲ್ಲಿ ಧ್ವಜಗಳು ಏರುತ್ತವೆ. ವೇದಿಕೆಗಳಲ್ಲಿ ದೇಶಭಕ್ತರ ನಾಮಸ್ಮರಣೆ ಮೊಳಗುತ್ತದೆ. ಸ್ಮರಣೆ ತಪ್ಪಲ್ಲ. ಆದರೆ ಕೈಯಲ್ಲಿ ಹಿಡಿದ ಚಿಹ್ನೆ ಯಾವುದು, ಎದೆಯೊಳಗಿನ ನಿಷ್ಠೆ ಯಾವುದು ಎಂಬುದನ್ನು ಅರಿಯುವ ಬಗೆಯೆಂತು? ಇದಕ್ಕೆ ಆ ನೆಲದ ಇತಿಹಾಸವೇ ಉತ್ತರ ನೀಡುತ್ತದೆ.

1834ರಲ್ಲಿ ಕಂಪನಿ ಸರಕಾರವು ಕೊಡಗನ್ನಾಳುತ್ತಿದ್ದ ಹಾಲೇರಿ ವಂಶದ ಲಿಂಗಾಯತ ಅರಸನನ್ನು ಪದಚ್ಯುತಗೊಳಿಸಿ, ಅವನ ಅಧೀನದಲ್ಲಿದ್ದ ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆದುದರಲ್ಲಿಯೇ ಕಂದಾಯ ಸಲ್ಲಿಸುತ್ತಿದ್ದ ರೈತನು ನಗದು ಹಣವನ್ನೇ ತೆರಬೇಕಾಯಿತು. ಕಣಜದಲ್ಲಿ ಭತ್ತವಿದ್ದೂ ಕೈಯಲ್ಲಿ ಕಾಸಿಲ್ಲದವನ ಸಂಕಟವನ್ನು ತಾವೇ ಊಹಿಸಬಹುದು.

ಈ ಸಂಕಟವೇ 1837ರಲ್ಲಿ ದಂಗೆಯಾಯಿತು. ಕೆದಂಬಾಡಿ ರಾಮಯ್ಯಗೌಡ ಮೊದಲಾದ ಮುಂದಾಳುಗಳಿಗೆ ಜನರು ನಂಬುವ ಹೆಸರೊಂದು ಬೇಕಾಗಿತ್ತು. ಅರಸುವಂಶದವನೆನಿಸಿದ್ದ ಕಲ್ಯಾಣಸ್ವಾಮಿ ಆಗ ಸೆರೆಯಲ್ಲಿದ್ದನು. ಆದುದರಿಂದ ಹೆಮ್ಮನೆಯ ಪುಟ್ಟಬಸಪ್ಪನೆಂಬ ರೈತನು ಆ ಹೆಸರನ್ನು ಧರಿಸಿದನು. ದಂಡು ಬಂಟ್ವಾಳದ ಮಾರ್ಗವಾಗಿ ಮಂಗಳೂರಿಗೆ ನಡೆಯಿತು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಜೊತೆಗೂಡಿದನು. ಅವನ ಪೂರ್ವಜರ ಮೂಲ ರಾಜಧಾನಿ ಬೆಳ್ತಂಗಡಿಯ ಬಂಗಾಡಿ. ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ಅವರ ಬಾವುಟ ಏರಿತು. ಆ ಸ್ಥಳ ಇಂದಿಗೂ ಬಾವುಟಗುಡ್ಡವೇ.

ಬಾವುಟ ನಿಂತುದು ಸುಮಾರು ಹದಿಮೂರು ದಿನ ಮಾತ್ರ. ಹೊರಗಿನಿಂದ ಬಂದ ಕಂಪನಿಯ ಸೇನೆ ಅದನ್ನಿಳಿಸಿತು. ಬಿಕರ್ನಕಟ್ಟೆಯಲ್ಲಿ ಪುಟ್ಟಬಸಪ್ಪನೂ ಬಂಗರಸನೂ ಗಲ್ಲಿಗೇರಿದರು. ವಿಚಾರಿಸಿ ನೋಡಿರಿ: ಹೆಸರು ಎರವಲಿನದು, ಆದರೆ ಕೊರಳು ಸ್ವಂತದ್ದು. ಚಿಹ್ನೆಯನ್ನು ಧರಿಸಿದವನೇ ಅದರ ಬೆಲೆಯನ್ನೂ ತೆತ್ತನು. ಆಳುವವರು ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹೀಗಳೆದರೂ, ನಾಡು ಮರೆಯಲಿಲ್ಲ.

ಮೂಡುಬಿದಿರೆಯ ಚೌಟರ ಮನೆತನದ ಅಬ್ಬಕ್ಕನೂ ಪೋರ್ಚುಗೀಸರನ್ನು ಎದುರಿಸಿದ್ದು ಬರಿಯ ಕೀರ್ತಿಗಾಗಿ ಅಲ್ಲ. ಕಪ್ಪ ತೆರಲೊಪ್ಪದೆ, ತನ್ನ ನಾಡಿನ ವ್ಯಾಪಾರದ ಸ್ವಾತಂತ್ರ್ಯಕ್ಕಾಗಿ. ಇಬ್ಬರ ದೇಶಭಕ್ತಿಗೂ ಜನರ ಬದುಕೇ ಬೇರು.

2022ರ ನವೆಂಬರಿನಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ತಡವಾದರೂ ಸಂದ ಗೌರವವಿದು. ಆದರೆ ಯಾವ ಪಕ್ಷದ ಅಭ್ಯರ್ಥಿಯೇ ಆಗಲಿ, ಆ ಹೆಸರನ್ನು ಹಿಡಿದು ತಮ್ಮ ಮನೆಬಾಗಿಲಿಗೆ ಬಂದಾಗ ಕೇಳಿರಿ: ಇಂದಿನ ರೈತನ ಹೊರೆ ಯಾವುದೆಂದು ತಾವು ಬಲ್ಲಿರಾ? ಅದನ್ನಿಳಿಸಲು ತಾವು ಏನನ್ನು ತೆರಬಲ್ಲಿರಿ?

ಶರಣರ ಮಾರ್ಗದಲ್ಲಿ ನುಡಿಗೆ ನಡೆಯೇ ಸಾಕ್ಷಿ. ದೇಶಭಕ್ತಿಗೂ ಬೇರೆ ಸಾಕ್ಷಿಯಿಲ್ಲ.