ಹೆಬ್ಬೆರಳಿನ ತಂತಿ

ಓಟಿಸ್ ಟೇಲರ್ ಅವರ ಬ್ಲೂಸ್‌ನಲ್ಲಿ ಮೊದಲು ಮನಸ್ಸಿಗೆ ತಟ್ಟುವುದು ಅಲ್ಲಿ ಇಲ್ಲದಿರುವುದು. ಹನ್ನೆರಡು ಬಾರ್‌ಗಳ ಪರಿಚಿತ ಸುತ್ತಿಲ್ಲ, 2001ರ ‘ವೈಟ್ ಆಫ್ರಿಕನ್’ ಆಲ್ಬಂನಲ್ಲಿ ಡ್ರಮ್ಮೂ ಇಲ್ಲ. ಹಾಡು ಒಂದೇ ಕಾರ್ಡ್ ಹಿಡಿದು ಸುತ್ತುತ್ತಲೇ ಇರುತ್ತದೆ. ‘ಟ್ರಾನ್ಸ್ ಬ್ಲೂಸ್’ ಎಂಬ ಈ ಹೊಸತನದ ಬೇರು ಬ್ಯಾಂಜೊದಲ್ಲಿದೆ ಎಂಬುದು ನನ್ನ ವಾದ. ಐದು ತಂತಿಯ ಬ್ಯಾಂಜೊದಲ್ಲಿ ಒಂದು ಗಿಡ್ಡ ತಂತಿ ಇರುತ್ತದೆ. ಹೆಬ್ಬೆರಳು ಅದನ್ನು ಮೀಟುವಾಗಲೆಲ್ಲ ಅದೇ ಸ್ವರ ಶ್ರುತಿಯಂತೆ ಮೊಳಗುತ್ತದೆ. ಅಂಥ ವಾದ್ಯದಲ್ಲಿ ಪಳಗಿದ ಕಿವಿಗೆ ಕಾರ್ಡ್ ಬದಲಿಸದಿರುವುದು ಕೊರತೆಯಾಗಿ ಕಾಣುವುದಿಲ್ಲ.

1948ರಲ್ಲಿ ಶಿಕಾಗೊದಲ್ಲಿ ಹುಟ್ಟಿ ಡೆನ್ವರ್‌ನಲ್ಲಿ ಬೆಳೆದ ಟೇಲರ್ ಹುಡುಗನಾಗಿದ್ದಾಗಲೇ ಬ್ಯಾಂಜೊ ಕಲಿತರು. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಆಟಗಳ ನಂಟು ಅದಕ್ಕಿದೆ ಎಂದು ತಿಳಿದು ಕೆಳಗಿಟ್ಟರು. 1977ರಲ್ಲಿ ಸಂಗೀತವನ್ನೇ ಬಿಟ್ಟು ಹಳೆಯ ವಸ್ತುಗಳ ವ್ಯಾಪಾರಕ್ಕಿಳಿದವರು ಮರಳಿದ್ದು 1995ರಲ್ಲಿ. 2008ರಲ್ಲಿ ಗೈ ಡೇವಿಸ್, ಕೋರಿ ಹ್ಯಾರಿಸ್, ಡಾನ್ ವ್ಯಾಪಿ ಮುಂತಾದ ಕಪ್ಪು ಕಲಾವಿದರನ್ನು ಸೇರಿಸಿಕೊಂಡು ಮಾಡಿದ ಆಲ್ಬಂಗೆ ‘ರೀಕ್ಯಾಪ್ಚರಿಂಗ್ ದ ಬ್ಯಾಂಜೊ’ ಎಂದೇ ಹೆಸರಿಟ್ಟರು. ಕಳೆದುಕೊಂಡದ್ದನ್ನು ಮತ್ತೆ ವಶಪಡಿಸಿಕೊಳ್ಳುವುದು ಎಂದು ಅದರರ್ಥ. ಹಾಗೆ ಹೇಳಲು ಹಕ್ಕಿದೆಯೇ? ಐದನೆಯದಾದ ಆ ಗಿಡ್ಡ ತಂತಿಯನ್ನು ಸೇರಿಸಿದವನು ವರ್ಜೀನಿಯಾದ ಬಿಳಿಯ ವಾದಕ ಜೋಯೆಲ್ ಸ್ವೀನಿ ಎಂಬ ಮಾತು ಬಹುಕಾಲ ನಡೆದಿತ್ತು. ಆದರೆ 18ನೇ ಶತಮಾನದ ಕೊನೆಯ ‘ದ ಓಲ್ಡ್ ಪ್ಲಾಂಟೇಷನ್’ ಎಂಬ ಚಿತ್ರವನ್ನು ನೋಡಬೇಕು. ದಕ್ಷಿಣ ಕೆರೊಲಿನಾದ ಗುಲಾಮನೊಬ್ಬ ಅದರಲ್ಲಿ ಸೋರೆಬುರುಡೆಯ ಬ್ಯಾಂಜೊ ನುಡಿಸುತ್ತಿದ್ದಾನೆ. ಅದರಲ್ಲಿ ಗಿಡ್ಡ ತಂತಿ ಆಗಲೇ ಇದೆ. ಸ್ವೀನಿ ಇನ್ನೂ ಹುಟ್ಟಿರಲಿಲ್ಲ. ಪಶ್ಚಿಮ ಆಫ್ರಿಕದ ಜೋಲಾ ಜನರ ಅಕೊಂಟಿಂಗ್‌ನಲ್ಲೂ ಹೆಬ್ಬೆರಳಿಗೆಂದೇ ಒಂದು ಗಿಡ್ಡ ತಂತಿ ಉಂಟು. ಮರದ ಬಳೆ, ಲೋಹದ ಬಿರಡೆಗಳು ಅಮೆರಿಕದ ಕಾರ್ಖಾನೆಯವಿರಬಹುದು. ನಾದದ ಜೀವಾಳ ಸಮುದ್ರ ದಾಟಿ ಬಂದದ್ದು.

ಒಂದೇ ಕಾರ್ಡಿನ ಬ್ಲೂಸನ್ನು ಜಾನ್ ಲೀ ಹೂಕರ್ ಹಿಂದೆಯೇ ಹಾಡಿದ್ದರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಬ್ಲೂಸ್‌ಗೆ ಬ್ಯಾಂಜೊ ಹೊಸದೂ ಅಲ್ಲ: ಪಾಪಾ ಚಾರ್ಲಿ ಜಾಕ್ಸನ್ 1924ರಲ್ಲೇ, ಗಸ್ ಕ್ಯಾನನ್ 1927ರಲ್ಲೇ ಅದನ್ನು ಧ್ವನಿಮುದ್ರಿಸಿದ್ದರು. ಆದರೆ ಹೂಕರ್ ಅವರ ಬೂಗಿ ಕಾಲನ್ನು ಕುಣಿಸುತ್ತದೆ, ಟೇಲರ್ ಅವರದು ಕೇಳುಗನನ್ನು ನಿಂತಲ್ಲೇ ಹಿಡಿದಿಡುತ್ತದೆ. ‘ಸೇಂಟ್ ಮಾರ್ಥಾ ಬ್ಲೂಸ್’ ಅವರ ಮುತ್ತಜ್ಜನನ್ನು ಗುಂಪು ಕೊಂದ ಕಥೆ. ಕಾರ್ಡ್ ಬದಲಾದಾಗ ಸಿಗುವ ಚಿಕ್ಕ ಬಿಡುಗಡೆಯನ್ನೂ ಅಂಥ ಹಾಡಿನಲ್ಲಿ ಅವರು ಕೊಡುವುದಿಲ್ಲ.