ಹಳೇ ಪುಸ್ತಕ ಯಾವಾಗ ಮುಚ್ಚಬೇಕು? ಪಹಣಿ ಹೇಳಿಕೊಟ್ಟ ಕ್ಲೌಡ್ ಪಾಠ

ದುಡ್ಡು ಕೊಟ್ಟು ನಡೆಸ್ತಿರೋ ಕ್ಲೌಡ್ ಸರ್ವೀಸ್ ನಿಲ್ಲಿಸೋದಾ, ಮುಂದುವರಿಸೋದಾ? ಇವತ್ತಿನ ಪ್ರಶ್ನೆ ಇದು. ಉತ್ತರಕ್ಕೆ ನಮ್ಮ ನಂಜನಗೂಡು, ತಿ.ನರಸೀಪುರದ ರೈತರಿಗೆಲ್ಲ ಗೊತ್ತಿರೋ ಪಹಣಿಯ ಕಥೆ ನೋಡೋಣ.

ಕೈಬರಹದ ಕಾಲದಲ್ಲಿ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಹತ್ರ ಇರ್ತಿತ್ತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಜನ. ಬೆಳೆ ಸಾಲಕ್ಕೆ ಪಹಣಿ ಬೇಕಂದ್ರೆ ಅವರನ್ನೇ ಹುಡುಕಿಕೊಂಡು ಹೋಗಬೇಕಿತ್ತು.

1990ರ ದಶಕದ ಆರಂಭದಲ್ಲೇ ಇದನ್ನ ಕಂಪ್ಯೂಟರ್‌ಗೆ ತರೋ ಪ್ರಯತ್ನ ನಡೆದು ಸೋತಿತ್ತು. ಮಾಹಿತಿ ಟೈಪ್ ಆಯ್ತು, ಆದ್ರೆ ಕೈಬರಹದ ಪುಸ್ತಕ ನಿಲ್ಲಲಿಲ್ಲ. ಖಾತೆ ಬದಲಾವಣೆ ಎಲ್ಲ ಪುಸ್ತಕದಲ್ಲೇ ಮುಂದುವರಿದು, ಕಂಪ್ಯೂಟರ್‌ನಲ್ಲಿದ್ದದ್ದು ಹಳೇದಾಯ್ತು.

2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ ಬೇರೆ ದಾರಿ ಹಿಡೀತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ಎನ್‌ಐಸಿ ಸಾಫ್ಟ್‌ವೇರ್, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ. ಟೈಪ್ ಆದದ್ದನ್ನ ಪ್ರಿಂಟ್ ತೆಗೆದು, ಲೆಕ್ಕಿಗರೇ ಮೂಲ ಪುಸ್ತಕದ ಜೊತೆ ತಾಳೆ ನೋಡಿ ತಿದ್ದಿದ್ರು. ಆಮೇಲೆ ಒಂದೊಂದೇ ತಾಲ್ಲೂಕಲ್ಲಿ ಕೈಬರಹದ ಪಹಣಿಯ ಮಾನ್ಯತೆ ರದ್ದಾಯ್ತು. ತಾಲ್ಲೂಕು ಕಚೇರಿ ಕೌಂಟರ್‌ನಲ್ಲಿ 15 ರೂಪಾಯಿಗೆ ಪಹಣಿ ಸಿಗೋಕೆ ಶುರುವಾಯ್ತು. ಮುಂದೆ ತಾಲ್ಲೂಕಿನ ಸರ್ವರ್‌ಗಳಲ್ಲಿದ್ದ ದತ್ತಾಂಶವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯ್ತು.

ಹಾಗಂತ ಎಲ್ಲ ಸರಿಹೋಯ್ತಾ? ಇಲ್ಲ. ತಾಳೆ ನೋಡುವಾಗ ತಪ್ಪಿಹೋದ ಒಂದು ಅಕ್ಷರ, ಒಂದು ಗುಂಟೆ ಸರಿಮಾಡಿಸೋಕೆ ರೈತರು ಇವತ್ತಿಗೂ ಅರ್ಜಿ ಹಿಡ್ಕೊಂಡು ಓಡಾಡ್ತಾರೆ.

ಈಗ ನನ್ನ ವಿಷಯ. ಈ ಎರಡು ತಾಲ್ಲೂಕುಗಳ ಹಿರಿಯರ ಮಾತುಗಳನ್ನ ರೆಕಾರ್ಡ್ ಮಾಡಿ ಒಂದು ಮ್ಯಾನೇಜ್ಡ್ ಕ್ಲೌಡ್‌ನಲ್ಲಿ ಇಟ್ಟಿದ್ದೀನಿ. ಸರ್ವರ್, ಬ್ಯಾಕಪ್, ಸೆಕ್ಯುರಿಟಿ ಎಲ್ಲ ಕಂಪನಿಯವರೇ ನೋಡ್ಕೋತಾರೆ, ತಿಂಗಳಾದ್ರೆ ಬಿಲ್ ಬರುತ್ತೆ. ಬಿ.ಕಾಂ ಓದಿದ ತಲೆಗೆ ನಿಲ್ಲಿಸು ಅನ್ನೋದೇ ಸುಲಭದ ಲೆಕ್ಕ. ಆದ್ರೆ ಆ ಹಿರಿಯರಲ್ಲಿ ಕೆಲವರು ಈಗಿಲ್ಲ. ಫೈಲ್ ಹೋದ್ರೆ ಮತ್ತೆ ರೆಕಾರ್ಡ್ ಮಾಡೋಕೆ ಆಗಲ್ಲ.

ಅದಕ್ಕೇ ನಿಲ್ಲಿಸ್ತೀನಿ, ಆದ್ರೆ ಭೂಮಿಯ ಕ್ರಮದಲ್ಲಿ. ಎರಡು ಹಾರ್ಡ್ ಡಿಸ್ಕ್, ಒಂದು ನಂಜನಗೂಡಲ್ಲಿ, ಇನ್ನೊಂದು ತಿ.ನರಸೀಪುರದಲ್ಲಿ. ಪ್ರತಿ ಫೈಲ್‌ನೂ ಕೊನೇವರೆಗೆ ಕೇಳಿ ತಾಳೆ ನೋಡಬೇಕು. ಮಾರ್ಚ್ 31ರ ನಂತರ ಹೊಸ ರೆಕಾರ್ಡಿಂಗ್ ಒಂದೂ ಕ್ಲೌಡ್‌ಗೆ ಹೋಗಲ್ಲ. ಅಷ್ಟರಲ್ಲಿ ತಾಳೆ ಮುಗೀದಿದ್ರೆ, ಇನ್ನೊಂದು ತಿಂಗಳ ಬಿಲ್ ಕಟ್ತೀನಿ.