ಆಗುತ್ತಿದ್ದುದರ ವ್ಯಾಕರಣ: ಹುಂಚದ ಕಲ್ಲಿನಿಂದ ಇಂದಿನ ಆಡುಮಾತಿಗೆ

ಮಲೆನಾಡಿನ ಹುಂಚದ ಪಂಚಕೂಟ ಬಸದಿಯನ್ನು ಚಟ್ಟಲದೇವಿ ಕಟ್ಟಿಸಿದ್ದು ಕ್ರಿ.ಶ. 1077ರಲ್ಲಿ. ಅಲ್ಲಿಯ ಶಾಸನಗಳನ್ನು ಆ ಸೀಮೆಯನ್ನಾಳಿದ ಸಾಂತರರ ವಂಶಾವಳಿಗಾಗಿ, ಜೈನ ಗುರುಪರಂಪರೆಗಾಗಿ ಓದುವವರೇ ಹೆಚ್ಚು. ಕ್ರಿಯಾಪದಗಳಿಗಾಗಿ ಓದಿದರೂ ಸಿಗುವುದು ಕಡಿಮೆಯಲ್ಲ. ಆ ಕಾಲದ ಶಾಸನಗಳಲ್ಲಿ ಚಕ್ರವರ್ತಿ ರಾಜ್ಯಂ 'ಗೆಯ್ಯುತ್ತಮಿರೆ' ದಾನಿ ಭೂಮಿಯನ್ನು 'ಬಿಟ್ಟಂ' ಎನ್ನುವುದು ರೂಢಿ. ಆಳ್ವಿಕೆ ಹಿಂದೆ ಸಾಗುತ್ತಲೇ ಇರುತ್ತದೆ, ದಾನ ಒಮ್ಮೆಗೇ ಮುಗಿಯುತ್ತದೆ.

ಸ್ಪ್ಯಾನಿಷ್ ಕಲಿಯುವವರನ್ನು ಕಾಡುವುದೂ ಈ ಭೇದವೇ. 1492ರಲ್ಲಿ ನೆಬ್ರಿಹಾ ಬರೆದ ಆ ಭಾಷೆಯ ಮೊದಲ ವ್ಯಾಕರಣದಲ್ಲೇ 'ಮುಗಿಯದ ಭೂತ'ಕ್ಕೆ ಪ್ರತ್ಯೇಕ ಹೆಸರಿದೆ. ನಮ್ಮಲ್ಲಿ ಸುಮಾರು 1260ರ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ದ, ದಪ, ವ ಎಂಬ ಪ್ರತ್ಯಯಗಳಿಂದ ಮೂರು ಕಾಲಗಳನ್ನು ಹೇಳಿದ. 'ಗೆಯ್ಯುತ್ತಮಿರೆ'ಯಲ್ಲಿ ಕಾಣುವ 'ಉತ್ತುಂ' ಪ್ರತ್ಯಯ ಅವನಿಗೆ ಗೊತ್ತಿತ್ತು, ಆದರೆ ಅದು ನಾಲ್ಕನೆಯ ಕಾಲವಾಗಲಿಲ್ಲ. 1604ರಲ್ಲಿ ಭಟ್ಟಾಕಳಂಕ ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ವ್ಯಾಕರಣ ಬರೆದಾಗಲೂ ಸಂಸ್ಕೃತದ ಚೌಕಟ್ಟೇ ಮುಂದಿತ್ತು.

1817ರಲ್ಲಿ ವಿಲಿಯಂ ಕೇರಿಯ ವ್ಯಾಕರಣ ಅಚ್ಚಾಯಿತು. ಅಲ್ಲಿಂದ 1903ರ ಕಿಟ್ಟೆಲ್ ವ್ಯಾಕರಣದವರೆಗೆ ಪಾಶ್ಚಾತ್ಯರು 'ಇರು' ಸೇರಿದ ರೂಪಗಳತ್ತ ಗಮನ ಹರಿಸಿದರು. ಮರುವರ್ಷವೇ, 1904ರಲ್ಲಿ, ಶಾಸನತಜ್ಞ ರೈಸ್ ಅವರ ಶಾಸನಸಂಗ್ರಹ ಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟ ಬಂತು. ಆಗ ನಗರ ತಾಲೂಕಿನಲ್ಲಿದ್ದ ಹುಂಚದ ಶಾಸನಗಳು ಅದರಲ್ಲಿವೆ. ಹಳಗನ್ನಡದ ಕ್ರಿಯಾಪದವನ್ನು ಕಾವ್ಯದ ಆಚೆ, ವರ್ಷ ಗೊತ್ತಿರುವ ಕಲ್ಲುಗಳಲ್ಲಿ ಹುಡುಕಲು ದಾರಿಯಾಯಿತು. 1941ರಲ್ಲಿ ಎ.ಎನ್. ನರಸಿಂಹಯ್ಯ, 1946ರಲ್ಲಿ ಜಿ.ಎಸ್. ಗಾಯಿ ಆ ಕೆಲಸ ಮಾಡಿದರು. ಗಾಯಿಯವರ ಚಾರಿತ್ರಿಕ ವ್ಯಾಕರಣಕ್ಕೆ 8, 9, 10ನೆಯ ಶತಮಾನಗಳ ಶಾಸನಗಳೇ ಆಧಾರ. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಇದೇ.

ಹೊಸಗನ್ನಡದಲ್ಲಿ ಒಂದು ಸೊಗಸಿದೆ. ಬಾ, ತಿನ್ನು, ಕೊಡು, ಬೀಳು ಎಂಬವುಗಳ ಭೂತರೂಪ ಬಂದ, ತಿಂದ, ಕೊಟ್ಟ, ಬಿದ್ದ. ಒಂದೊಂದರದೂ ಒಂದೊಂದು ದಾರಿ. 'ಉತ್ತಿದ್ದ' ಹಚ್ಚಿ ನೋಡಿ: ಬರುತ್ತಿದ್ದ, ತಿನ್ನುತ್ತಿದ್ದ, ಕೊಡುತ್ತಿದ್ದ, ಬೀಳುತ್ತಿದ್ದ. ವಕ್ರತೆಯೆಲ್ಲ ಮಾಯ. ನಪುಂಸಕದಲ್ಲಿ 'ಬರುತ್ತಿತ್ತು' ಆಗುವುದೂ 'ಇರು'ವಿನಿಂದಲೇ. ಸ್ಪ್ಯಾನಿಷ್‌ನಲ್ಲೂ ಹಾಗೆಯೇ: 'ಆರ್' ಕೊನೆಯ ಧಾತುಗಳಿಗೆ 'ಆಬಾ', ಉಳಿದವಕ್ಕೆ 'ಈಯಾ', ನಿಯಮ ಮೀರುವ ಧಾತುಗಳು ಮೂರೇ. ಇಷ್ಟು ಕ್ರಮಬದ್ಧವಾದ ರೂಪಕ್ಕೆ ನಮ್ಮ ಶಾಲಾ ವ್ಯಾಕರಣಗಳು ಜಾಗ ಕೊಡದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಮಕ್ಕಳು ಇಂದಿಗೂ ಮೂರು ಕಾಲಗಳನ್ನೇ ಬಾಯಿಪಾಠ ಮಾಡುತ್ತಾರೆ.

ಆಡುಮಾತಿನ ವಿವರಣೆಯನ್ನು ವಿಲಿಯಂ ಬ್ರೈಟ್ 1958ರಲ್ಲಿ, ಹೆರಾಲ್ಡ್ ಶಿಫ್‌ಮನ್ 1983ರಲ್ಲಿ ಕೊಟ್ಟರು. 1999ರಲ್ಲಿ ಡಿ.ಎನ್. ಶಂಕರ ಭಟ್ಟರು ಕಾಲ, ಸ್ಥಿತಿ (ಕ್ರಿಯೆ ಮುಗಿದಿದೆಯೇ, ಸಾಗುತ್ತಿದೆಯೇ ಎಂಬುದು), ಅರ್ಥ (ವಿಧಿ, ಸಂಭಾವನೆ ಮುಂತಾದುವು) ಈ ಮೂರರಲ್ಲಿ ಯಾವುದಕ್ಕೆ ಪ್ರಾಧಾನ್ಯ ಎಂಬುದು ಭಾಷೆಯಿಂದ ಭಾಷೆಗೆ ಬೇರೆ ಎಂದು ವಾದಿಸಿ, ಕನ್ನಡವನ್ನು ಕಾಲಪ್ರಧಾನ ಭಾಷೆಗಳ ಸಾಲಿಗೆ ಸೇರಿಸಿದರು.

ಮಲೆನಾಡಿನ ಮನೆಮಾತುಗಳನ್ನು ಈ ಕಣ್ಣಿನಿಂದ ನೋಡುವ ಕೆಲಸ ಇನ್ನೂ ಬೆಳೆಯಬೇಕು. ಸಾಗರದ ಹವ್ಯಕರ ಮನೆಯಲ್ಲಿ 'ನೀರು ಇದ್ದು' ಎಂದರೆ ನೀರು ಈಗ ಇದೆ ಎಂದೇ ಅರ್ಥ. ಸಹಾಯಕ್ಕೆ ಬರುವ 'ಇರು' ಧಾತುವೇ ಹೀಗೆ ಕಾಲ ಬದಲಿಸಿಕೊಂಡಿರುವಾಗ, ಅದನ್ನು ನೆಚ್ಚಿದ 'ಆಗುತ್ತಿದ್ದ'ದ ಬಗೆಗಳನ್ನು ಊರೂರಿನಲ್ಲಿ ಕೇಳಿಯೇ ಬರೆದಿಟ್ಟುಕೊಳ್ಳಬೇಕು.